ಮೂಲೆ ಕಪಾಟಿನ ನಲವತ್ತೊಂದು

ದೊಡ್ಡಮ್ಮ ಗುಮಾಸ್ತರ ಸುದ್ದಿ ಮೊದಲು ಕೇಳಿದ್ದು ಒಂದು ಮಂಗಳವಾರ ಬೆಳಿಗ್ಗೆ, ಬಸ್ ಡಿಪೋದ ಟೈರ್ ಶೆಡ್ಡಿನ ಮುಂದೆ. ಒಂದು ಕೈಯಲ್ಲಿ ಪೊರಕೆ, ಕಂಕುಳಲ್ಲಿ ಯಾರೋ ಬಸ್ಸಿನಲ್ಲಿ ಬಿಟ್ಟು ಇಳಿದುಹೋದ ಛತ್ರಿ. ಗಂಡ ಅದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಅವನು ತೀರಿಕೊಂಡ ಮೇಲೆ ಬಸ್ಸು ಗುಡಿಸುವ ಕೆಲಸ ಅವಳಿಗೆ ಬಂದು ಆಗಲೇ ಹನ್ನೊಂದು ವರ್ಷವಾಗಿತ್ತು. ಡ್ರೈವರಿನಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಅವಳು ದೊಡ್ಡಮ್ಮನೇ.

ಟೈರ್ ಕೆಲಸದವನು, ಎಲ್ಲರೂ ಟೈರ್ ಮಾಮ ಎನ್ನುತ್ತಿದ್ದವನು, ಅವಳನ್ನು ಕಂಡವನೇ ಸ್ಪ್ಯಾನರ್ ಕೆಳಗಿಟ್ಟ. ಹೊಟ್ಟೆಯಲ್ಲಿ ಸುದ್ದಿ ಇದ್ದರೆ ಅವನಿಗೆ ಕೆಲಸ ಸಾಗುತ್ತಿರಲಿಲ್ಲ.

"ದೊಡ್ಡಮ್ಮ, ಆ ಛತ್ರಿ ಎಲ್ಲಿ ಸಿಕ್ತು?"

"ಇಪ್ಪತ್ತೆರಡನೇ ನಂಬರಲ್ಲಿ. ಬಾಗಿಲ ಪಕ್ಕದ ಕಂಬಿಗೆ ನೇತು ಹಾಕಿದ್ರು."

"ಸುಳ್ಳು. ಹದಿನಾಲ್ಕನೇ ನಂಬರ್ ಬಸ್ಸು, ಹಿಂದಿನ ಸೀಟಿನ ಕೆಳಗೆ."

"ನಿನ್ನ ತಲೆ. ಎತ್ಕೊಂಡು ಬಂದವಳು ನಾನಾ, ನೀನಾ?"

"ನೀವು ಚಂದ್ರಲೋಕದಿಂದ ತನ್ನಿ. ನಿನ್ನೆ ಸಾಯಂಕಾಲದಿಂದ ಈ ಊರಲ್ಲಿ ಕಳೆದದ್ದೆಲ್ಲ ಆ ಒಂದೇ ಸೀಟಿನ ಕೆಳಗೆ ಸಿಕ್ಕಿದ್ದು ಅಂತ ಕಂಪ್ಯೂಟರ್ ಹೇಳ್ತಿದೆ. ಮೂರು ಸಾವಿರದ ಎಂಟುನೂರ ಹನ್ನೆರಡು ಸಾಮಾನು! ಏನು ಸೀಟಪ್ಪ ಅದು, ಗೋದಾಮು. ಎಲ್ಲ ಮೇಲಿನ ಮಹಡಿ ಗುಮಾಸ್ತರ ಕೈಚಳಕ. ಸಾಹೇಬರು ಕೆಂಡ ಕಾರ್ತಾ ಇದಾರೆ."

ದೊಡ್ಡಮ್ಮ ನಗಲಿಲ್ಲ. ಆ ಸಾಮಾನುಗಳಲ್ಲಿ ಮುಕ್ಕಾಲು ಪಾಲನ್ನು ಬಸ್ಸುಗಳಿಂದ ಹೆಕ್ಕಿ ತಂದವಳು ಅವಳೇ. ಉಳಿದವನ್ನು ಬೇರೆ ಪಾಳಿಯ ಹೆಂಗಸರು ಹೆಕ್ಕಿ, ಎಲ್ಲಿ ಸಿಕ್ಕಿತೆಂದು ಬಾಯಲ್ಲಿ ಹೇಳಿ, ಅವಳ ಕೈಗೆ ಕೊಡುತ್ತಿದ್ದರು. ಅವಳು ಅವನ್ನೆಲ್ಲ ಕಳೆದ ಸಾಮಾನಿನ ಕೋಣೆಯ ಕೌಂಟರಿಗೆ ಒಯ್ದು ಹೇಳುವುದು, ಕೌಂಟರಿನಾಕೆ ಕಂಪ್ಯೂಟರಿಗೆ ಏರಿಸುವುದು. ಚೀಟಿ ಗೀಟಿ ಇರಲಿಲ್ಲ, ಏಕೆಂದರೆ ದೊಡ್ಡಮ್ಮನಿಗೆ ಎರಡನೇ ಕ್ಲಾಸಿನಷ್ಟು ಅಕ್ಷರ, ಬೇರೆ ಹೆಂಗಸರಿಗೆ ಅದೂ ಇಲ್ಲ.

ಎಲ್ಲಿ ಸಿಕ್ಕಿತು ಎನ್ನುವುದೇ ಆ ಕೋಣೆಯ ಬೀಗದ ಕೈ. ಯಾರಾದರೂ ಬಂದು "ನನ್ನ ಕಪ್ಪು ಚೀಲ" ಎಂದರೆ ಸಾಲದು, ಕಪ್ಪು ಚೀಲಗಳು ಮೂವತ್ತು ಇದ್ದವು. ಯಾವ ಬಸ್ಸು, ಎಲ್ಲಿ ಕೂತಿದ್ದಿರಿ, ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿ, ಪಟ್ಟಿಯಲ್ಲಿರುವ ಜಾಗಕ್ಕೆ ಹೊಂದಿದರೆ ಮಾತ್ರ ಸಾಮಾನು. ಹೊಂದದಿದ್ದರೆ ದಾರಿ ನೋಡಿಕೊಳ್ಳಬೇಕು. ಒಂದು ವರ್ಷ ಯಾರೂ ಬಾರದಿದ್ದರೆ ಹರಾಜು.

ಆದದ್ದು ಇಷ್ಟು. ಒಂದು ಛತ್ರಿಯ ಜಾಗ ತಪ್ಪಾಗಿ ದಾಖಲಾಗಿತ್ತು. ಅದನ್ನು ತಿದ್ದಲು ಗುಮಾಸ್ತರು ಕೂತರು. ಎಸ್‌ಕ್ಯುಎಲ್ ಎಂಬ ಭಾಷೆಯಲ್ಲಿ ಕಂಪ್ಯೂಟರಿಗೆ ಅಪ್ಪಣೆ ಬರೆಯಬೇಕು. ಮೊದಲ ಸಾಲು: 'ಸಿಕ್ಕ ಜಾಗ' ಎಂಬ ಕಾಲಮ್ಮಿನಲ್ಲಿ ಹದಿನಾಲ್ಕನೇ ನಂಬರ್ ಬಸ್ಸು, ಹಿಂದಿನ ಸೀಟಿನ ಕೆಳಗೆ ಎಂದು ಬರೆ. ಎರಡನೇ ಸಾಲು: ಇಂಥ ನಂಬರಿನ ಸಾಮಾನಿಗೆ ಮಾತ್ರ. ಎರಡನ್ನೂ ಸರಿಯಾಗಿಯೇ ಬರೆದರು. ಆದರೆ ಅವರ ಕಂಪ್ಯೂಟರಿನಲ್ಲಿ ಮೌಸನ್ನು ಎಳೆದು ಅಪ್ಪಣೆಗೆ ನೀಲಿ ಬಣ್ಣ ಬಳಿದು ಗುಂಡಿ ಒತ್ತಿದರೆ, ಬಣ್ಣ ಬಿದ್ದಷ್ಟೇ ಓಡುತ್ತದೆ. ಬಣ್ಣ ಬಿದ್ದದ್ದು ಮೊದಲ ಸಾಲಿಗೆ ಮಾತ್ರ. ಎರಡನೇ ಸಾಲಿನ ಷರತ್ತು ಕೆಳಗೆ ಬೆಳ್ಳಗೆ ಉಳಿಯಿತು. ಯಾವ ಸಾಮಾನು ಎಂದು ಹೇಳದೆ ಇದ್ದದ್ದರಿಂದ ಕಂಪ್ಯೂಟರ್ ಎಲ್ಲ ಸಾಮಾನಿಗೂ ಅದನ್ನೇ ಬರೆಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು.

ನಕಲು ಪ್ರತಿ ಇದ್ದೇ ಇರುತ್ತದೆ ಎಂದು ಎಲ್ಲರೂ ನಂಬಿದ್ದರು. ನೋಡಿದರೆ, ನಕಲು ತುಂಬಿಡುವ ಡಿಸ್ಕ್ ಏಳು ತಿಂಗಳ ಹಿಂದೆಯೇ ಭರ್ತಿಯಾಗಿ ಕೆಲಸ ನಿಲ್ಲಿಸಿತ್ತು. ಅದನ್ನು ನೋಡಿಕೊಳ್ಳಬೇಕಾದವರೂ ಗುಮಾಸ್ತರೇ. ಹಳೆಯ ಸಾಲುಗಳೆಲ್ಲ ವಾಪಸು ಬಂದವು. ಈಚಿನ ಏಳು ತಿಂಗಳಲ್ಲಿ ಬಂದು, ಇನ್ನೂ ಯಜಮಾನರ ಕೈ ಸೇರದೆ ಕಪಾಟಿನಲ್ಲಿದ್ದ ನಾನೂರ ಹದಿನೆಂಟು ಸಾಮಾನುಗಳ ಜಾಗ ಮಾತ್ರ ಯಾವ ಡಿಸ್ಕಿನಲ್ಲೂ ಇರಲಿಲ್ಲ. ಡಿಪೋ ಸಾಹೇಬರು ಹತ್ತು ದಿನ ಗಡುವು ಕೊಟ್ಟರು. ಎಲ್ಲ ಮೊದಲಿನಂತಾದರೆ ಸರಿ, ಇಲ್ಲದಿದ್ದರೆ ಗುಮಾಸ್ತರು ಮನೆಗೆ. ನಿವೃತ್ತಿಗೆ ಅವರಿಗೆ ಇನ್ನು ನಾಲ್ಕು ವರ್ಷ ಉಳಿದಿತ್ತು.

"ಅದಕ್ಯಾಕೆ ಇಷ್ಟು ರಂಪ?" ಎಂದಳು ದೊಡ್ಡಮ್ಮ ಕೌಂಟರಿನಾಕೆಯ ಮುಂದೆ ಛತ್ರಿ ಇಡುತ್ತ. "ನನ್ನ ಕೇಳಿದ್ರೆ ಹೇಳ್ತಿದ್ದೆನಲ್ಲ."

"ಏನನ್ನ ಹೇಳ್ತಿದ್ರಿ?"

"ಯಾವುದು ಎಲ್ಲಿ ಸಿಕ್ತು ಅಂತ."

"ನಾನೂರೂನಾ?"

"ಸಾಮಾನು ಕೈಗೆ ಕೊಟ್ರೆ ಹೇಳ್ತೀನಿ. ಬರೀ ನಂಬರ್ ಹೇಳಿದ್ರೆ ನನಗೇನು ಗೊತ್ತಾಗುತ್ತೆ?"

ಕೌಂಟರಿನಾಕೆ ಅವಳನ್ನು ದರದರ ಎಳೆದುಕೊಂಡೇ ಮಹಡಿ ಹತ್ತಿದಳು.

ಮೇಲಿನ ಕೋಣೆಯಲ್ಲಿ ಕಂಡವರು ತೆಳ್ಳಗಿನ, ಉದ್ದ ಕತ್ತಿನ ಒಬ್ಬರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮೂರು ಪೆನ್ನು, ಅದರಲ್ಲಿ ಬರೆಯುವುದು ಒಂದೇ. ರಾತ್ರಿಯೆಲ್ಲ ನಿದ್ದೆ ಇಲ್ಲದ ಮುಖ. ದೊಡ್ಡಮ್ಮ ಹೇಳಿದ್ದನ್ನು ಕೇಳಿ ಅವರು ಸಂತೋಷವನ್ನೂ ಪಡಲಿಲ್ಲ, ತಳ್ಳಿಯೂ ಹಾಕಲಿಲ್ಲ.

"ಕೂತ್ಕೊಳ್ಳಿ," ಎಂದರು. "ಮೊದಲು ಪರೀಕ್ಷೆ. ಹಳೇ ಸಾಮಾನಿನ ಜಾಗ ನನ್ನ ಹತ್ರ ಇದೆ. ಅದರಲ್ಲಿ ಇಪ್ಪತ್ತು ಕೇಳ್ತೀನಿ."

"ಈ ವಯಸ್ಸಲ್ಲಿ ಪರೀಕ್ಷೆನಾ? ಫೇಲಾದ್ರೆ ಬೆಂಚ್ ಮೇಲೆ ನಿಲ್ಲಿಸ್ತೀರೇನು?"

"ಫೇಲಾದ್ರೆ ನಾನು ಮನೇಗೆ ಹೋಗ್ತೀನಿ. ನೀವು ಕೆಳಗಡೆ ಹೋಗಿ ಗುಡಿಸ್ತೀರಿ. ಅಷ್ಟೇ."

ಕೆಳಗಿನಿಂದ ಸಾಮಾನು ಬಂದವು. ದೊಡ್ಡಮ್ಮ ಒಂದೊಂದನ್ನೂ ಕೈಗೆ ತೆಗೆದುಕೊಂಡು, ಒಮ್ಮೆ ತೂಗಿ, ಹಿಡಿ ಸವರಿ, ಕಣ್ಣು ಮುಚ್ಚಿ ಹೇಳಿದಳು. ಈ ಡಬ್ಬಿ ಒಂಬತ್ತನೇ ನಂಬರ್, ಕಂಡಕ್ಟರ್ ಸೀಟಿನ ಹಿಂದೆ, ಅವತ್ತು ಮುಚ್ಚಳದಲ್ಲಿ ಇರುವೆ ಇತ್ತು. ಈ ಒಂಟಿ ಚಪ್ಪಲಿ ಮೂವತ್ತನೇ ನಂಬರ್, ಮೆಟ್ಟಿಲ ಸಂದಿ, ಬಿಡಿಸೋಕೆ ಸ್ಕ್ರೂ ಡ್ರೈವರ್ ಬೇಕಾಯ್ತು. ಹತ್ತೊಂಬತ್ತು ಸರಿಯಾದವು. ಇಪ್ಪತ್ತನೆಯದು ಒಂದು ಉಣ್ಣೆಯ ಟೋಪಿ.

"ಹನ್ನೆರಡನೇ ನಂಬರ್, ಕಿಟಕಿ ಸರಳಿಗೆ ಸಿಕ್ಕಿಸಿದ್ರು."

"ಪಟ್ಟೀಲಿ ಏಳನೇ ನಂಬರ್ ಅಂತಿದೆ."

"ಪಟ್ಟಿ ತಪ್ಪು."

"ತಪ್ಪಿರಬಹುದು," ಎಂದರು ಗುಮಾಸ್ತರು. "ಆದ್ರೆ ಒಬ್ಬರ ಮಾತಿಗೆ ಪಟ್ಟಿ ಬದಲಾಗಲ್ಲ." ಆದರೂ ಎದ್ದು ಹೋಗಿ ಆ ದಿನದ ಬಸ್ಸುಗಳ ಹಾಜರಿ ಪುಸ್ತಕ ತೆರೆದರು. ಏಳನೇ ನಂಬರ್ ಅವತ್ತು ರಿಪೇರಿಗೆ ನಿಂತಿತ್ತು. ವಾಪಸು ಬಂದು ಟೋಪಿಯ ಜಾಗ ತಿದ್ದಿದರು. ಅಂದು ಮಧ್ಯಾಹ್ನದಿಂದ ದೊಡ್ಡಮ್ಮನಿಗೆ ಪೊರಕೆ ಬದಲು ಕುರ್ಚಿ.

ಮುಂದಿನ ಒಂಬತ್ತು ದಿನ ಅವರಿಬ್ಬರೂ ಆ ಕೋಣೆಯಲ್ಲಿ ಎದುರುಬದುರು ಕೂತರು. ಅವಳು ಹೇಳುವುದು, ಅವರು ಬರೆಯುವುದು. ಆದರೆ ಅವರು ಬರೆಯುವ ರೀತಿ ಈಗ ಬೇರೆಯಾಗಿತ್ತು. ಮೊದಲು ಷರತ್ತು ಬರೆಯುವರು. ಆ ಷರತ್ತಿಗೆ ಎಷ್ಟು ಸಾಲು ಸಿಗುತ್ತವೆ ಎಂದು ಕಂಪ್ಯೂಟರನ್ನು ಕೇಳುವರು. ಒಂದು ಎಂದು ಉತ್ತರ ಬಂದರೆ ಮಾತ್ರ ತಿದ್ದುವ ಅಪ್ಪಣೆ. ತಿದ್ದಿದ ಮೇಲೂ ಅದು ಗಟ್ಟಿಯಾಗುವುದಿಲ್ಲ. 'ಖಾಯಂ ಮಾಡು' ಎಂಬ ಇನ್ನೊಂದು ಅಪ್ಪಣೆಯನ್ನು ಸಾಯಂಕಾಲ, ಆ ದಿನದ್ದನ್ನೆಲ್ಲ ಇನ್ನೊಮ್ಮೆ ಓದಿ, ಮೇಜನ್ನು ಬೆರಳಿನಿಂದ ಮೂರು ಸಲ ತಟ್ಟಿ, ಕೊಡುವರು. ಅಲ್ಲಿಯವರೆಗೆ 'ಬೇಡ' ಎಂದರೆ ಎಲ್ಲ ಹಿಂದಕ್ಕೆ.

"ಈ ಬುದ್ಧಿ ಮೊದಲೇ ಇದ್ದಿದ್ರೆ?" ಎಂದಳು ದೊಡ್ಡಮ್ಮ ಎರಡನೇ ದಿನ.

"ಮೊದಲೂ ಇತ್ತು. ಅವತ್ತು ಒಂದೇ ಛತ್ರಿ ತಾನೇ ಅಂದ್ಕೊಂಡೆ."

ಊಟದ ಹೊತ್ತಿನಲ್ಲಿ ಅವರ ಕತೆ ತುಂಡು ತುಂಡಾಗಿ ಅವಳ ಕಿವಿಗೆ ಬಿತ್ತು. ಅಪ್ಪ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವರು. ಬಣ್ಣ ಹಚ್ಚುವ ಮೊದಲು ಸೀಮೆಸುಣ್ಣದಲ್ಲಿ ಗೀಟು ಹಾಕಿ, ಏಣಿ ಇಳಿದು, ರಸ್ತೆ ದಾಟಿ ನಿಂತು ನೋಡುತ್ತಿದ್ದರಂತೆ. ಮಗನಿಗೆ ಮೇಷ್ಟ್ರಾಗುವ ಆಸೆ, ಪರೀಕ್ಷೆ ಎರಡು ಸಲ ಕೈಕೊಟ್ಟಿತು. ಟೈಪಿಂಗ್ ಕಲಿತು ಡಿಪೋಗೆ ಸೇರಿದರು. ಲೆಡ್ಜರುಗಳ ಬದಲು ಕಂಪ್ಯೂಟರ್ ಬಂದಾಗ ಬೇರೆಯವರೆಲ್ಲ ಹಿಂದೆ ಸರಿದರು, ಇವರು ಇಟ್ಟಿಗೆ ದಪ್ಪದ ಒಂದು ಪುಸ್ತಕ ತಂದು ಒಬ್ಬರೇ ಕಲಿತರು. ಒಮ್ಮೆ ಮದುವೆ ಗೊತ್ತಾಗಿತ್ತು, ಕೈ ತಪ್ಪಿತು. ಯಾಕೆಂದು ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ. ಹೊಲಿಗೆ ಕೆಲಸದ ಅಕ್ಕನ ಜೊತೆ ಎರಡು ಕೋಣೆಯ ಬಾಡಿಗೆ ಮನೆ. ಅಕ್ಕನಿಗೆ ಒಂದು ಕಾಲು ಸ್ವಲ್ಪ ಗಿಡ್ಡ, ನಾಲಿಗೆ ಸ್ವಲ್ಪ ಉದ್ದ.

ಆ ಅಕ್ಕ ಒಂದು ದಿನ ಊಟದ ಡಬ್ಬಿ ಹಿಡಿದು ಡಿಪೋಗೇ ಬಂದಳು.

"ನೀವೇನಾ ದೊಡ್ಡಮ್ಮ? ನನ್ನ ತಮ್ಮನಿಗೆ ಏನು ಮಂಕುಬೂದಿ ಎರಚಿದ್ರಿ? ಮನೇಲಿ ಲೈಟ್ ಆರಿಸೋ ಅಂದ್ರೆ, ಯಾವ ಲೈಟು, ಎಷ್ಟು ಲೈಟು, ಖಾಯಂ ಆರಿಸ್ಲಾ ಅಂತ ಕೇಳ್ತಾನೆ. ಉಪ್ಪು ಕೊಡೋ ಅಂದ್ರೆ ಷರತ್ತು ಹೇಳು ಅಂತಾನೆ."

ಬಾಗಿಲಲ್ಲಿ ನಿಂತಿದ್ದ ಟೈರ್ ಮಾಮ ಇದನ್ನು ಕೇಳಿಸಿಕೊಂಡ. ಸಂಜೆಯೊಳಗೆ ಗುಮಾಸ್ತರಿಗೆ ಡಿಪೋ ತುಂಬ 'ಷರತ್ತಪ್ಪ' ಎಂಬ ಹೆಸರು ಬಿತ್ತು. ಅದು ಕೊನೆಯವರೆಗೂ ಹೋಗಲಿಲ್ಲ.

ಒಂಬತ್ತನೇ ದಿನದ ಹೊತ್ತಿಗೆ ಮುನ್ನೂರ ಎಪ್ಪತ್ತೇಳು ಸಾಮಾನು ಮುಗಿದವು. ಉಳಿದದ್ದು ನಲವತ್ತೊಂದು. ಒಂದು ಪೆಟ್ಟಿಗೆಯಲ್ಲಿದ್ದ ಅವನ್ನು ಕಂಡ ಕೂಡಲೇ ದೊಡ್ಡಮ್ಮ ಚಾಚಿದ ಕೈ ಹಿಂದಕ್ಕೆ ತೆಗೆದಳು. ಅವು ಅವಳ ಕೈ ಹಾದು ಬಂದವಲ್ಲ. ಕಣ್ಣಿನ ಆಪರೇಷನ್ನಿಗೆಂದು ಅವಳು ಮೂರು ವಾರ ರಜೆ ಹಾಕಿದ್ದಾಗ ಬಂದವು. ಆ ದಿನಗಳಲ್ಲಿ ಬದಲಿಗೆ ಬಂದಿದ್ದ ಹೆಂಗಸು ಆಮೇಲೆ ಊರು ಬಿಟ್ಟು ಹೋಗಿದ್ದಳು. ಎಲ್ಲಿಗೆ ಎಂದು ಯಾರಿಗೂ ತಿಳಿದಿರಲಿಲ್ಲ. ಕೌಂಟರಿನಾಕೆಗೂ ಏನೂ ನೆನಪಿರಲಿಲ್ಲ.

ಅಂದು ಅವಳು ತಲೆನೋವು ಎಂದು ಬೇಗ ಮನೆಗೆ ಹೋದಳು. ಹೋಗುವಾಗ ಮೆಟ್ಟಿಲ ಮೇಲೆ ಸಾಹೇಬರು ಸಿಕ್ಕರು.

"ಏನು ದೊಡ್ಡಮ್ಮ, ಮುಗೀತಾ? ಒಂದು ಸಾಲು ಖಾಲಿ ಇದ್ರೂ ನಾನು ಸಹಿ ಹಾಕಲ್ಲ ಅಂತ ಅವನಿಗೆ ಹೇಳಿಬಿಡಿ."

ಹತ್ತನೇ ದಿನ ಬೆಳಿಗ್ಗೆ ಅವಳು ಬಂದು ಕೂತು, ಪೆಟ್ಟಿಗೆಯ ಕಡೆ ಬೆರಳು ತೋರಿಸುತ್ತ ಪಟಪಟ ಹೇಳತೊಡಗಿದಳು. ಆ ನೀಲಿ ಫ್ಲಾಸ್ಕ್ ಆರನೇ ನಂಬರ್, ಡ್ರೈವರ್ ಹಿಂದೆ. ಆ ಕನ್ನಡಕ ಹದಿನೆಂಟು, ಎಡಗಡೆ ಮೂರನೇ ಸೀಟು. ಆ ಬುಟ್ಟಿ ಎರಡು. ಗುಮಾಸ್ತರು ನಲವತ್ತೊಂದನ್ನೂ ಕಂಪ್ಯೂಟರಿಗೆ ಏರಿಸಿದರು. ಒಂದು ಗಂಟೆಯೂ ಹಿಡಿಯಲಿಲ್ಲ. ಆಮೇಲೆ ಕುರ್ಚಿಗೆ ಒರಗಿ ಕೂತರು.

"ದೊಡ್ಡಮ್ಮ."

"ಹೇಳಿ."

"ಇವತ್ತು ಒಂದನ್ನೂ ಕೈಗೆ ತಗೊಳ್ಳಲಿಲ್ಲ ನೀವು."

ಅವಳು ಸೆರಗಿನ ತುದಿ ತಿರುಚುತ್ತ ಕೂತಳು. ಕೆಳಗೆ ಯಾವುದೋ ಬಸ್ಸು ಹಿಂದಕ್ಕೆ ಬರುತ್ತಿತ್ತು, ಕಂಡಕ್ಟರ್ ಬರಲಿ ಬರಲಿ ಎನ್ನುತ್ತಿದ್ದ.

"ಅಷ್ಟೂ ಸುಳ್ಳೇ," ಎಂದಳು. "ನನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ದಾಗ ಬಂದವು. ಏನೋ ಒಂದು ತುಂಬಿಸಿಬಿಡಿ ಸ್ವಾಮಿ. ಯಾರು ನೋಡ್ತಾರೆ? ನಾಲ್ಕು ವರ್ಷ ಇರುವಾಗ ನಿಮ್ಮನ್ನ ಹೊರಗೆ ಹಾಕಿದ್ರೆ, ಆ ಅಕ್ಕನ್ನ ಕಟ್ಕೊಂಡು ಎಲ್ಲಿಗೆ ಹೋಗ್ತೀರಿ?"

"ಆ ಫ್ಲಾಸ್ಕ್ ಕಳಕೊಂಡವರು ನಾಳೆ ಬರ್ತಾರೆ ಅಂತ ಇಟ್ಕೊಳ್ಳಿ. ಎಲ್ಲಿ ಬಿಟ್ರಿ ಅಂತ ಕೇಳ್ತೀವಿ. ನಿಜ ಹೇಳ್ತಾರೆ. ಪಟ್ಟೀಲಿ ಆರನೇ ನಂಬರ್ ಡ್ರೈವರ್ ಹಿಂದೆ ಅಂತಿರುತ್ತೆ. ನಿಜ ಹೇಳಿದ್ದಕ್ಕೆ ಕಳ್ಳ ಅನ್ನಿಸ್ಕೊಂಡು ಹೋಗ್ತಾರೆ."

"ಖಾಲಿ ಬಿಟ್ರೆ?"

"ಖಾಲಿ ಬಿಡಲ್ಲ. ಗೊತ್ತಿಲ್ಲ ಅಂತ ಬಿಡ್ತೀನಿ. ಈ ಭಾಷೇಲಿ ಅದಕ್ಕೆ ಅಂತಾನೇ ಒಂದು ಗುರುತಿದೆ. ಬರೆಯೋಕೆ ಏನೂ ಇಲ್ಲ ಅನ್ನೋದು ಬೇರೆ, ಏನು ಬರೀಬೇಕು ಅಂತ ಗೊತ್ತಿಲ್ಲ ಅನ್ನೋದು ಬೇರೆ."

ಇನ್ನೂ ಖಾಯಂ ಮಾಡಿರಲಿಲ್ಲ. ಅವರು 'ಬೇಡ' ಎಂಬ ಅಪ್ಪಣೆ ಕೊಟ್ಟರು. ನಲವತ್ತೊಂದು ಸುಳ್ಳೂ ಹಿಂದಕ್ಕೆ ಹೋದವು. ಆಮೇಲೆ ಷರತ್ತು ಬರೆದರು, ಎಣಿಸಿದರು, ನಲವತ್ತೊಂದು ಎಂದು ಬಂತು. ಆ ಸಾಲುಗಳಿಗೆ 'ಗೊತ್ತಿಲ್ಲ' ಗುರುತು ಹಾಕಿ, ಮೇಜು ಮೂರು ಸಲ ತಟ್ಟಿ, ಖಾಯಂ ಮಾಡಿದರು. ಜೇಬಿನ ಪೆನ್ನುಗಳನ್ನು ಸರಿ ಮಾಡಿಕೊಂಡು ಸಾಹೇಬರ ಕೋಣೆಗೆ ನಡೆದರು.

ಆ ಹೊತ್ತಿಗೆ ಗುಡಿಸಬೇಕಾಗಿಯೇ ಇರದ, ಆ ಕೋಣೆಯ ಮುಂದಿನ ಪಡಸಾಲೆಯನ್ನು ದೊಡ್ಡಮ್ಮ ಎರಡು ಸಲ ಗುಡಿಸಿದಳು. ಬಾಗಿಲು ಅರ್ಧ ತೆರೆದಿತ್ತು.

"ಅಲ್ಲಯ್ಯಾ," ಎನ್ನುತ್ತಿದ್ದರು ಸಾಹೇಬರು, "ಮುನ್ನೂರು ಚಿಲ್ಲರೆ ತುಂಬಿಸಿದವನಿಗೆ ಈ ನಲವತ್ತೊಂದು ಭಾರ ಆಯ್ತೇ? ಏನಾದ್ರೂ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನನ್ನ ಗಂಟು ಹೋಗ್ತಿರಲಿಲ್ಲ ಸಾರ್. ಅವರದು ಹೋಗ್ತಿತ್ತು."

"ನಿನ್ನನ್ನ ಇವತ್ತೇ ಕಳಿಸಬಹುದು ನಾನು. ಗೊತ್ತು ತಾನೆ?"

"ಗೊತ್ತು ಸಾರ್. ಕಳಿಸೋ ಮುಂಚೆ ಒಂದು. ಆ ನಲವತ್ತೊಂದನ್ನ ವರ್ಷ ಆಯ್ತು ಅಂತ ಹರಾಜಿಗೆ ಹಾಕಬೇಡಿ. ತಪ್ಪು ನನ್ನದು, ಸಾಮಾನು ಕಳಕೊಂಡವರದಲ್ಲ."

ಆಮೇಲೆ ಸಾಹೇಬರು ಬೈದರು, ಸಾಕಷ್ಟು ಬೈದರು, ಕೊನೆಗೆ ಕಾಗದ ಬರೆದರು. ಕೆಲಸ ಉಳಿಯಿತು, ಮಹಡಿ ಹೋಯಿತು. ಗುಮಾಸ್ತರು ಕೆಳಗಿಳಿದು ಕೌಂಟರಿನಲ್ಲಿ, ತಮಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಕೌಂಟರಿನಾಕೆಯ ಕೈಕೆಳಗೆ ಕೂರಬೇಕು. ಇನ್ನು ಮೇಲೆ ಅವರು ಬರೆಯುವ ಯಾವ ಅಪ್ಪಣೆಗೂ ಇನ್ನೊಬ್ಬರು ಕಣ್ಣು ಹಾಯಿಸಬೇಕು. ಆ ನಲವತ್ತೊಂದು ಸಾಮಾನು ಮೂಲೆ ಕಪಾಟಿನಲ್ಲಿ, ಹರಾಜಿಲ್ಲದೆ, ಅವರ ಹೊಣೆಯಲ್ಲಿ ಇರತಕ್ಕದ್ದು.

ನಾಲ್ಕು ವರ್ಷ ಅವರು ಆ ಕೌಂಟರಿನಲ್ಲಿ ಕೂತರು. ಮೇಲಿನ ಕೋಣೆಗೆ ಬಂದ ಹೊಸಬ ಪ್ರತಿ ತಿದ್ದುಪಡಿಗೂ ಕೆಳಗಿಳಿದು ಬಂದು ಇವರಿಗೇ ತೋರಿಸುತ್ತಿದ್ದ. ಇವರು ಕೇಳುತ್ತಿದ್ದದ್ದು ಎರಡೇ: "ಯಾವುದನ್ನ? ಎಷ್ಟು ಸಾಲು?" ಉಳಿದ ಹೊತ್ತೆಲ್ಲ ಮೂಲೆ ಕಪಾಟು. ಆ ಮೂರು ವಾರದಲ್ಲಿ ಏನಾದರೂ ಕಳೆದುಕೊಂಡವರು ಬಂದರೆ ಅವರನ್ನು ಎದುರು ಕೂರಿಸಿಕೊಂಡು, ಎಲ್ಲಿ ಎಂದು ಕೇಳಲಾಗದೆ, ಬೇರೆಲ್ಲ ಕೇಳುವರು. ಹಿಡಿಯಲ್ಲಿ ಬಿರುಕಿತ್ತೇ, ಒಳಗೆ ಏನಿತ್ತು, ಕಟ್ಟಿದ ದಾರ ಯಾವ ಬಣ್ಣ. ಒಂದೊಂದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು.

ನೀಲಿ ಫ್ಲಾಸ್ಕಿನವರು ಎಂಟು ತಿಂಗಳ ಮೇಲೆ ಬಂದರು. ವಯಸ್ಸಾದ ನರ್ಸ್ ಒಬ್ಬಾಕೆ. ಮುಚ್ಚಳದೊಳಗೆ ಬಿಳಿ ಪ್ಲಾಸ್ಟರ್ ಅಂಟಿಸಿದ್ದೇನೆ ಎಂದಳು, ಅಂಟಿಸಿತ್ತು. ಎಲ್ಲಿ ಬಿಟ್ಟಿರಿ ಎಂದು ಸುಮ್ಮನೆ ಕೇಳಿದಾಗ ಅವಳೆಂದಳು: "ಬಸ್ಸಲ್ಲೆಲ್ಲಿ ಬಿಟ್ಟೆ? ನಿಮ್ಮ ಡಿಪೋದ ನೀರಿನ ನಲ್ಲಿ ಪಕ್ಕದ ಕಲ್ಲು ಬೆಂಚಿನ ಮೇಲೆ. ನೀರು ಕುಡಿಯೋಕೆ ಇಳಿದಿದ್ದೆ."

ಗುಮಾಸ್ತರು ತಿರುಗಿ, ಅಲ್ಲೇ ಗುಡಿಸುತ್ತಿದ್ದ ದೊಡ್ಡಮ್ಮನ ಕಡೆ ನೋಡಲಿಲ್ಲ. ದೊಡ್ಡಮ್ಮ ಪೊರಕೆ ಎತ್ತಿಕೊಂಡು ಹೊರಗೆ ಹೋದಳು. ಅಂದು ಕಪಾಟಿನಲ್ಲಿ ಉಳಿದದ್ದು ಮೂವತ್ಮೂರು.

ದೊಡ್ಡಮ್ಮ ಅವರಿಗಿಂತ ಒಂದು ವರ್ಷ ಮುಂಚೆ ಕೆಲಸದಿಂದ ಬಿಡುಗಡೆಯಾದಳು. ಡಿಪೋ ಹಿಂದಿನ ಗಲ್ಲಿಯಲ್ಲೇ ಮನೆಯಾದ್ದರಿಂದ ಕಾಲು ತಾನಾಗಿ ಅತ್ತ ಎಳೆಯುತ್ತಿತ್ತು. ಗುಮಾಸ್ತರು ನಿವೃತ್ತರಾದ ದಿನ ಕಪಾಟಿನಲ್ಲಿ ಒಂಬತ್ತು. ಆಮೇಲೂ ಅವರು ತಿಂಗಳಿಗೊಮ್ಮೆ ಹೋಗಿ ಎಣಿಸಿ ಬರುತ್ತಿದ್ದರು. ಕೌಂಟರಿನಾಕೆ ಸ್ಟೂಲ್ ಹಾಕಿ ಕೂರಿಸುತ್ತಿದ್ದಳು. ಟೈರ್ ಮಾಮ, "ಷರತ್ತಪ್ಪನವರೇ, ಮನೇಲಿ ಎಣಿಸೋಕೆ ಏನೂ ಇಲ್ವಾ?" ಎಂದು ಕಿಚಾಯಿಸುತ್ತಿದ್ದ. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. "ಅಕ್ಕ ಇದಾಳೆ. ಒಂದೇ ಸಾಲು," ಎನ್ನುತ್ತಿದ್ದರು.

ಮೂರು ವರ್ಷದ ಮೇಲೆ ಶ್ವಾಸಕೋಶದ ತೊಂದರೆಯಾಗಿ ಆಸ್ಪತ್ರೆ ಸೇರಿದರು. ದೊಡ್ಡಮ್ಮ ನೋಡಲು ಹೋದದ್ದು ಒಂದು ಮಧ್ಯಾಹ್ನ. ಎರಡನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ. ಅಕ್ಕ ಸ್ಟೂಲಿನ ಮೇಲೆ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು.

"ನೋಡಿ, ಹೀಗಿದಾರೆ ನಿಮ್ಮ ಪರೀಕ್ಷೆ ಮೇಷ್ಟ್ರು," ಎಂದಳು ದೊಡ್ಡಮ್ಮನಿಗೆ ತಮ್ಮನನ್ನು ತೋರಿಸುತ್ತ. "ಬೆಳಿಗ್ಗೆಯಿಂದ ಮಾತಿಲ್ಲ. ಡಾಕ್ಟರು ಮಾತ್ರೆ ಬದಲಾಯಿಸ್ತೀನಿ ಅಂದಾಗ ಮಾತ್ರ ಬಾಯಿ ಬಿಟ್ಟ. ಯಾವುದನ್ನ, ಎಷ್ಟು ಅಂತ."

ಗುಮಾಸ್ತರ ಮೂಗಿಗೆ ನಳಿಕೆ ಇತ್ತು. ದೊಡ್ಡಮ್ಮ ಸ್ವಲ್ಪ ಹೊತ್ತು ಅದೂ ಇದೂ ಹೇಳಿದಳು. ಹದಿನಾಲ್ಕನೇ ನಂಬರ್ ಬಸ್ಸನ್ನು ಗುಜರಿಗೆ ಹಾಕಿದ್ದು, ಹಿಂದಿನ ಸೀಟನ್ನು ಟೈರ್ ಮಾಮ ಎತ್ತಿಕೊಂಡು ಹೋಗಿ ಶೆಡ್ಡಿನಲ್ಲಿ ಮಲಗಲು ಹಾಕಿಕೊಂಡದ್ದು. ಅವರ ತುಟಿ ಒಂದಿಷ್ಟು ಅಗಲವಾಯಿತು. ಕೈ ಎತ್ತಿ ಅವಳನ್ನು ಹತ್ತಿರ ಕರೆದರು.

"ನಾಳೆ ಡಿಪೋ ಕಡೆ ಹೋಗ್ತೀರಾ?"

"ಹೋದ್ರಾಯ್ತು. ಏನು ತರಬೇಕು?"

"ಏನೂ ತರಬೇಡಿ. ಎರಡು ತಿಂಗಳಾಯ್ತು ನಾನು ಹೋಗಿ." ಉಸಿರು ತೆಗೆದುಕೊಳ್ಳಲು ನಿಂತರು. "ಆಗ ನಾಲ್ಕು ಉಳಿದಿದ್ವು. ಮೂಲೆ ಕಪಾಟು ಮಾತ್ರ ನೋಡಿ, ಬೇರೆ ಯಾವುದೂ ಬೇಡ. ಈಗ ಎಷ್ಟಿದೆ ಅಂತ ಎಣಿಸಿ ಬನ್ನಿ."

"ಅಷ್ಟೇ ತಾನೆ? ಬಾಗಿಲಲ್ಲಿ ನಿಂತು ಎಣಿಸ್ತೀನಿ, ಒಂದು ನಿಮಿಷದ ಕೆಲಸ."

ಅವರು ತಲೆ ಅಲ್ಲಾಡಿಸಿದರು.

"ಒಂದೊಂದನ್ನೂ ಕೈಗೆ ತಗೊಂಡು ಎಣಿಸಿ," ಎಂದರು.